ಕನ್ನಡಕ ಕಿಟಕಿಯ ಮೇಲಿತ್ತು

ಜೂನ್ 3, ಸೋಮವಾರ. ಬೆಳಿಗ್ಗೆ 5.50

ಮೇಡಂ ನಾಲ್ಕು ಸಲ ಎದ್ದರು. ಹಲ್ಲು. ಎಂಟು ತಿಂಗಳ ಕೂಸಿಗೆ ಮೇಡಂ ಅಂತ ಹೆಸರಿಟ್ಟದ್ದು ಅತ್ತೆ. ಕರೆದ ತಕ್ಷಣ ಹೋಗಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ, ಅದಕ್ಕೆ.

ಐದಕ್ಕೆ ಅತ್ತೆ ಬಂದು ಎತ್ತಿಕೊಂಡು ಹೋದರು. ದಿನಾ ಹೀಗೇ. ಐದರಿಂದ ಏಳು ನನ್ನ ಪಾಲಿನ ನಿದ್ದೆ. ಇವತ್ತು ಅದೂ ಬರಲಿಲ್ಲ. ತಲೆಯಲ್ಲಿ, ನಾವು ಕೊಳ್ಳೋ ಮನೆಯ ಪತ್ರ ನೋಡ್ತಿರೋ ಲಾಯರಮ್ಮನ ಪ್ರಶ್ನೆಗಳು. ಹಿಂದಿನ ಗೋಡೆ ಯಾರದು, ನಿಮಗೆ ಬರುತ್ತಾ, ಪಕ್ಕದವರಿಗಾ. ಮೋರಿ ಯಾರ ಜಾಗದ ಕೆಳಗೆ ಹೋಗುತ್ತೆ. ಮನೆ ಮಾರುತ್ತಿರೋ ಡ್ರೈವಿಂಗ್ ಮಾಸ್ತರು ಹನ್ನೆರಡು ವರ್ಷದ ಹಿಂದೆ ತೀರಿಸಿದ ಸಾಲ ನೋಂದಣಿ ಕಚೇರಿಯ ಪುಸ್ತಕದಲ್ಲಿ ಇನ್ನೂ ಉಸಿರಾಡ್ತಿದೆ. ತೀರಿಸಿದೀನಲ್ಲ ಅಂತ ಮಾಸ್ತರು. ತೀರಿಸೋದು ಬೇರೆ, ತೆಗೆಸೋದು ಬೇರೆ ಅಂತ ಲಾಯರಮ್ಮ.

ನನ್ನ ಮದುವೆಗೆ ಇದರಲ್ಲಿ ಕಾಲುಭಾಗ ಪ್ರಶ್ನೆ ಕೇಳಿರಲಿಲ್ಲ ಯಾರೂ.

ಜೂನ್ 6, ಗುರುವಾರ. ಮಧ್ಯಾಹ್ನ

ಲಾಯರಮ್ಮನ ಕವರ್ ಬಂತು. ಸದ್ಯ, ಗೋಡೆ ನಮ್ಮದೇ. ಮಾಸ್ತರ ಹಳೇ ಸಾಲ ಪುಸ್ತಕದಿಂದ ತೆಗೆಸಿ ಆಯ್ತು. ಉಳಿದದ್ದು ಒಂದೇ ಕಾಗದ, ಬ್ಯಾಂಕಿನದು. ಅದಕ್ಕೆ ಅತ್ತೆ ಸಹಿ ಬೇಕು.

ಹೊಸ ಮನೆಯಲ್ಲಿ ಹದಿನೆಂಟು ದಾಟಿದವರು ಯಾರ್ಯಾರು ಇರ್ತಾರೆ ಅಂತ ಫಾರ್ಮಿನಲ್ಲಿ ಕೇಳಿದ್ದರು. ಮೂವರು ಅಂತ ಬರೆದಿದ್ದೆ. ನಿಮ್ಮ ಪಾಲಿನ ಹಣ ಎಲ್ಲಿಂದ ಅಂತ ಕೇಳಿದ್ದರು. ಅತ್ತೆ ಅಂಗಡಿ ಮಾರಿ ಕೊಟ್ಟದ್ದು ಅಂತ ಬರೆದಿದ್ದೆ. ಎರಡೂ ನಿಜ. ಎರಡು ನಿಜ ಸೇರಿ ಈ ಕಾಗದ ಹುಟ್ಟಿದೆ.

ಮೂರು ಸಲ ಓದಿದೆ. ಒಂದು — ಕೊಟ್ಟ ಹಣ ಉಡುಗೊರೆ, ವಾಪಸ್ ಕೇಳಲ್ಲ. ಎರಡು — ಮನೆಯಲ್ಲಿ ನನಗೆ ಪಾಲಿಲ್ಲ. ಮೂರು — ಇವರು ಸಾಲ ಕಟ್ಟದೇ ಹೋಗಿ ಬ್ಯಾಂಕು ಮನೆ ಹಿಡಿದರೆ, ನಾನು ಇಲ್ಲಿ ಇದ್ದೀನಿ ಅಂತ ತಕರಾರು ತೆಗೆಯಲ್ಲ, ಸುಮ್ಮನೆ ಹೊರಗೆ ಹೋಗ್ತೀನಿ.

ಅತ್ತೆ ಆಚೆ ಕೋಣೆಯಲ್ಲಿ ಮೇಡಂಗೆ ದಾರದ ಉಂಡೆ ಉರುಳಿಸ್ತಾ ಇದ್ದರು. ಮೂವತ್ತೊಂದು ವರ್ಷ ಆ ಅಂಗಡಿಯಲ್ಲಿ ನರ್ಸುಗಳ ಯೂನಿಫಾರ್ಮ್ ಹೊಲಿದವರು. ಮಗನನ್ನು, ಅಂದರೆ ಇವರನ್ನು, ಓದಿಸಿದ್ದು ಅದರಿಂದ. ಮಾರಿದ ದಿನ ಒಂದು ಮಷೀನ್ ಮಾತ್ರ ಉಳಿಸಿಕೊಂಡರು. ಹೊಸ ಮನೆಯಲ್ಲಿ ಮುಂದಿನ ಕೋಣೆ ನನಗಿರಲಿ, ಕಿಟಕಿ ಬೆಳಕಲ್ಲಿ ಸೂಜಿ ಪೋಣಿಸಬಹುದು ಅಂದಿದ್ದರು. ಕೇಳಿದ್ದು ಅದೊಂದೇ.

ಕವರನ್ನು ಬ್ಯಾಗಿನಲ್ಲಿಟ್ಟೆ.

ಜೂನ್ 7, ಶುಕ್ರವಾರ

ಇವರಿಗೆ ತೋರಿಸಿದೆ. ಊಟ ಮಾಡ್ತಾ ಓದಿದರು, ಲಿಫ್ಟ್ ರಿಪೇರಿಯ ಗ್ರೀಸು ಇನ್ನೂ ಉಗುರಲ್ಲಿ. ಫಾರ್ಮಾಲಿಟಿ ಅಷ್ಟೆ ಅಂದರು. ಎಲ್ಲರ ಹತ್ತಿರಾನೂ ತಗೊಳ್ತಾರಂತೆ. ಅಮ್ಮಂಗೆ ಸಹಿ ಮಾಡು ಅಂದ್ರೆ ಮಾಡ್ತಾರೆ, ವಿವರ ಹೇಳ್ತಾ ಕೂತರೆ ಸುಮ್ನೆ ಮನಸ್ಸಿಗೆ ಹಚ್ಕೋತಾರೆ, ನೀನೇ ಯಾವಾಗಾದ್ರೂ ಮಾಡಿಸಿಬಿಡು ಅಂದರು.

ನೀವೇ ಹೇಳಿ ಅಂದೆ. ಹೆಂಗಸರ ಹೆಂಗಸರ ಮಾತು ಅಂದರು. ಸಾಲದ ಪತ್ರ ಯಾವಾಗಿಂದ ಹೆಂಗಸರ ಮಾತಾಯ್ತೋ.

ಬ್ಯಾಂಕಿನ ಮಂಜೂರಾತಿ 28ರ ತನಕ. ಈ ಬಾಡಿಗೆ ಮನೆ ಬಿಡಬೇಕಾದ್ದು 30ಕ್ಕೆ. ಓನರ್ ಆಗಲೇ ಬೇರೆಯವರಿಗೆ ಮಾತು ಕೊಟ್ಟಾಗಿದೆ. ನಿನ್ನೆ ಬಂದು ನಮ್ಮ ಮಂಚ ಅಡ್ಡ ಇದ್ದ ಹಾಗೇ ಗೋಡೆಗೆ ಟೇಪ್ ಹಿಡಿದು ಅಳೆದುಕೊಂಡು ಹೋದರು.

ಜೂನ್ 10, ಸೋಮವಾರ

ಕವರ್ ಬ್ಯಾಗಿನಲ್ಲೇ. ಡಯಾಪರ್ ಜೊತೆ ಲಸಿಕೆ ಹಾಕಿಸೋಕೆ ಹೋಗಿ ಬಂತು, ಅಂಗಡಿಗೆ ಹೋಗಿ ಬಂತು. ಮೂಲೆ ಮಡಚಿಕೊಂಡಿದೆ. ಮೂರು ಸಲ ಬಾಯಿತನಕ ಬಂತು. ಒಂದು ಸಲ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ತಾ ಇದ್ದರು. ಆಗ ಹೇಗೆ ಹೇಳೋದು.

ನಿದ್ದೆ — ಒಂದೂವರೆ ಗಂಟೆ, ಮೂರು ತುಂಡಲ್ಲಿ.

ಜೂನ್ 11, ಮಂಗಳವಾರ

ಮಾಡಿಸಿಬಿಟ್ಟೆ.

ಬೆಳಿಗ್ಗೆ ಹತ್ತೂವರೆ. ಅತ್ತೆ ಮೇಡಂನ ಸೊಂಟದ ಮೇಲೆ ಕೂರಿಸಿಕೊಂಡು ಅಡುಗೆಮನೆಯಲ್ಲಿದ್ದರು. ನೀರಿನ ಕನೆಕ್ಷನ್ ಅರ್ಜಿ, ವಿಳಾಸ ಬದಲಾವಣೆ ಫಾರ್ಮ್, ಇದು — ಮೂರನ್ನೂ ಒಂದರ ಮೇಲೊಂದು ಇಟ್ಟೆ. ನಡುವೆ ಇದು. ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ ಅಂತ ಬೆರಳಿಟ್ಟು ತೋರಿಸಿದೆ. ಏನಿದು ಅಂದರು. ಹೊಸ ಮನೇದು ಅತ್ತೆ, ಎಲ್ಲ ಒಂದೇ ಥರದ್ದು ಅಂದೆ. ಒಂದೇ ಥರದ್ದು. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು.

ಕನ್ನಡಕ ಕಿಟಕಿಯ ಮೇಲಿತ್ತು. ಮೂರು ಹೆಜ್ಜೆ. ನಾನು ನೋಡಿದೆ. ತಂದುಕೊಡಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೊಳೀಲಿಲ್ಲ ಅನ್ನಬಹುದಿತ್ತು. ಜನರ ಕಣ್ಣು ನೋಡಿ ನಂಬರ್ ಬರೆಯೋದೇ ನನ್ನ ಕೆಲಸ. ಹೆರಿಗೆ ರಜೆಗೆ ಮುಂಚೆ ನಾನೇ ಅವರನ್ನು ನಮ್ಮ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಮಸೂರ ಬದಲಾಯಿಸಿ ಬದಲಾಯಿಸಿ, ಪ್ಲಸ್ ಎರಡೂವರೆ ಅಂತ ಚೀಟಿ ಬರೆದವಳು. ಆ ಕಾಗದದ ಅಕ್ಷರ ಎಷ್ಟು ಸಣ್ಣದು, ಬರಿಗಣ್ಣಿಗೆ ಅವರಿಗೆ ಅದು ಹೇಗೆ ಕಾಣುತ್ತೆ — ನೊಣದ ಸಾಲಿನ ಹಾಗೆ — ನನಗಿಂತ ಚೆನ್ನಾಗಿ ಗೊತ್ತಿರೋರು ಇಲ್ಲ.

ಸಹಿ ಮಾಡಿ ಪೆನ್ನು ಕೊಟ್ಟರು. ಮಲಗ್ತೀಯೇನೇ, ಮುಖ ಸುಣ್ಣದ ಹಾಗಾಗಿದೆ ಅಂದರು.

ಮಧ್ಯಾಹ್ನವೇ ಲಾಯರಮ್ಮನ ಆಫೀಸಿಗೆ ಕೊಟ್ಟು ಬಂದೆ. ಇವರು ಶಭಾಷ್ ಅಂತ ಮೆಸೇಜ್ ಹಾಕಿದ್ದಾರೆ.

ಜೂನ್ 15, ಶನಿವಾರ

ನಾಲ್ಕು ದಿನ ಪುಸ್ತಕ ತೆಗೆಯಲಿಲ್ಲ. ಬರೆಯೋಕೆ ಕೂತರೆ ಅದನ್ನೇ ಬರೀಬೇಕಲ್ಲ.

ಇವತ್ತು ಲಾಯರಮ್ಮನ ಫೋನ್. ದನಿ ಯಾವತ್ತಿನ ಹಾಗಿರಲಿಲ್ಲ. ಹಿಂಬದಿ ಓದಿದ್ರಾ ಅಂದರು. ಯಾವ ಹಿಂಬದಿ ಅಂದೆ. ಮೂರು ಸಲ ಓದಿದ್ದೀನಿ ಆ ಕಾಗದ, ಒಂದು ಸಲವೂ ತಿರುವಿಲ್ಲ. ಹಿಂದೆ ಇತ್ತಂತೆ — ಸಹಿ ಮಾಡೋರು ಬೇರೆ ಒಬ್ಬ ವಕೀಲರ ಮುಂದೆ, ಮನೆ ಕೊಳ್ಳುವವರು ಯಾರೂ ಜೊತೆಗಿಲ್ಲದೆ, ಅರ್ಥ ಕೇಳಿ ತಿಳಿದು ಸಹಿ ಮಾಡಬೇಕು. ಆ ವಕೀಲರ ಮೊಹರು ಬೀಳಬೇಕು.

ಯಾಕೆ ಹಾಗೆ ಅಂತ ಕೇಳಿದೆ, ಪೆದ್ದಿಯ ಹಾಗೆ.

“ಮನೆಯವರು ಅಡುಗೆಮನೇಲಿ ಸಹಿ ಹಾಕಿಸ್ಕೊಂಡು ಬರ್ತಾರಲ್ಲಮ್ಮ, ಅದಕ್ಕೇ,” ಅಂದರು ಲಾಯರಮ್ಮ.

ಅಡುಗೆಮನೆ ಅಂತ ಅವರಿಗೆ ಹೇಗೆ ಗೊತ್ತು. ಎಲ್ಲರದ್ದೂ ಅಲ್ಲೇ ಆಗುತ್ತೋ ಏನೋ. ಕಾಗದದ ಮೇಲೆ ಎಣ್ಣೆ ಬೆರಳಿನ ಗುರುತಿತ್ತೋ ಏನೋ.

ಹೊಸದಾಗಿ ಮಾಡಿಸಬೇಕು. ಅಂದರೆ ಹೇಳಬೇಕು. ಅಂದರೆ ಹಿಂದೆ ಮಾಡಿದ್ದೂ.

ಜೂನ್ 16, ಭಾನುವಾರ. ಸಂಜೆ

ಹೇಳಿದೆ.

ಇವರು ಮನೆಯಲ್ಲೇ ಇದ್ದರು, ಟಿವಿ ಮುಂದೆ. ನಿನ್ನೆ ಲಾಯರಮ್ಮನ ಆಫೀಸಿಂದ ತಂದಿದ್ದ ಹೊಸ ಪ್ರತಿ ತಗೊಂಡು ಅತ್ತೆಯ ಕೋಣೆಗೆ ಹೋದೆ. ಕಿಟಕಿಯಿಂದ ಕನ್ನಡಕ ತಂದು ಕೈಗೆ ಕೊಟ್ಟೆ. ಅವರು ಮೊದಲು ಕನ್ನಡಕ ನೋಡಿದರು, ಆಮೇಲೆ ನನ್ನ. ಹಾಕಿಕೊಂಡು ಓದಿದರು. ಬೆರಳಿಟ್ಟು ಒಂದೊಂದೇ ಸಾಲು. ತಿರುವಿ ಹಿಂಬದಿಯೂ ಓದಿದರು. ಮೇಡಂ ಅವರ ಕಾಲ ಬಳಿ ಬಟ್ಟೆ ಚೂರು ಚೀಪ್ತಾ ಇದ್ದಳು.

ಇದಕ್ಕೇ ತಾನೇ ಅವತ್ತು ನಡುವೆ ಇಟ್ಟು ಸಹಿ ಮಾಡಿಸಿದ್ದು, ಅಂದರು. ಹೌದು ಅಂದೆ. ಓದಿ ಹೇಳಬೇಕಿತ್ತು, ಭಯ ಆಯ್ತು ಅಂದೆ. ನಿದ್ದೆ ಇರಲಿಲ್ಲ ಅಂದೆ. ಅದನ್ನು ಹೇಳಬಾರದಿತ್ತು.

“ನಿದ್ದೆ ಇರಲಿಲ್ಲ, ಸರಿ. ನನಗೆ ಕಾಣಿಸಲ್ಲ ಅಂತ ಗೊತ್ತಿತ್ತಲ್ಲ. ನಂಬರ್ ಬರೆದವಳು ನೀನೇ.”

ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರಾಗಿ ಒಂದು ವಿಷಯ ಹೇಳಿದರು, ನನಗೆ ಗೊತ್ತಿರಲಿಲ್ಲ. ಇವರ ಅಪ್ಪ ತೀರಿಕೊಂಡು ಹದಿನೈದು ದಿನಕ್ಕೆ, ಅತ್ತೆಯ ಮೈದುನ ಇದೇ ಥರ ನಾಲ್ಕು ಕಾಗದ ಒಟ್ಟಿಗೆ ಇಟ್ಟಿದ್ದನಂತೆ. ಪಿಂಚಣಿಗೆ ಬೇಕು ಅತ್ತಿಗೆ ಅಂತ. ಆಗ ಕಣ್ಣು ಚೆನ್ನಾಗಿತ್ತು, ಅತ್ತೂ ಅತ್ತೂ ಕಾಣಿಸಲಿಲ್ಲ ಅಷ್ಟೆ ಅಂದರು. ಆರು ತಿಂಗಳಿಗೆ ಮನೆ ಬಿಡಿ ಅಂತ ಬಂತು. ಅಂಗಡಿಯ ಹಿಂದೆ ಹತ್ತಡಿ ಜಾಗದಲ್ಲಿ ಇವರನ್ನು ಬೆಳೆಸಿದ್ದು ಹಾಗೆ. ಆ ಅಂಗಡಿಯನ್ನೇ ಮಾರಿ ನಮಗೆ ಕೊಟ್ಟಿದ್ದಾರೆ.

ವಕೀಲರ ಹತ್ತಿರ ಬರ್ತೀನಿ ಅಂದರು. ಯಾವತ್ತು ಅಂತ ಹೇಳಿ ಅಂದರು. ಹೇಳಿ. ಹೇಳು ಅಲ್ಲ.

ಜೂನ್ 17, ಸೋಮವಾರ. ಬೆಳಿಗ್ಗೆ 6

ಐದಕ್ಕೆ ಬಂದು ಮಗುವನ್ನು ಎತ್ತಿಕೊಂಡು ಹೋದರು. ಯಾವತ್ತಿನ ಹಾಗೇ. ನೀವು ಮಲಗಿ ಅಂದರು.

ಮಲಗೋದಂತೆ.

ಜೂನ್ 18, ಮಂಗಳವಾರ

ಎರಡನೇ ವಕೀಲರು. ಬೇಕರಿ ಮೇಲಿನ ಎರಡನೇ ಮಹಡಿ. ಚಿಕ್ಕ ವಯಸ್ಸು, ನೆಗಡಿ, ಮೇಜಿನ ಮೇಲೆ ಫೈಲಿಗಿಂತ ಕರ್ಚೀಫು ಜಾಸ್ತಿ. ನೋಡಿ ನನಗೆ ಧೈರ್ಯ ಬಂತು, ಐದು ನಿಮಿಷದ ಕೆಲಸ ಅಂದುಕೊಂಡೆ. ಅವರು ಅತ್ತೆಗೆ ಕುರ್ಚಿ ಹಾಕಿ, ಸೊಸೆಯವರು ಹೊರಗಿರಲಿ ಅಂತ ಬಾಗಿಲು ಹಾಕಿಕೊಂಡರು.

ಐವತ್ತು ನಿಮಿಷ. ಮೆಟ್ಟಿಲ ಮೇಲೆ ಕೂತು ಮೇಡಂಗೆ ಹಾಲು ಕುಡಿಸಿದೆ. ಕೆಳಗಿಂದ ಬ್ರೆಡ್ಡಿನ ವಾಸನೆ. ಹಸಿವಾಗಿ ಅಳು ಬಂತು, ಅಥವಾ ಅಳು ಬಂದು ಹಸಿವಾಯ್ತು.

ಅತ್ತೆ ಹೊರಗೆ ಬಂದರು. ಸಹಿ ಮಾಡಿರಲಿಲ್ಲ.

ಬಸ್ಸಿನಲ್ಲಿ ಅತ್ತೆ ಮೇಡಂನ ತೊಡೆ ಮೇಲೆ ಕೂರಿಸಿಕೊಂಡರು. ಆಮೇಲೆ ಅಂದರು — ಹುಡುಗ ಒಳ್ಳೆಯವನು. ಮೂವತ್ತು ವರ್ಷದ ಹಿಂದೆ ಎಲ್ಲಿದ್ದೆಯಪ್ಪ ಅಂತ ಕೇಳಿದೆ. ಹುಟ್ಟಿರಲಿಲ್ಲವಂತೆ.

ನಗಬೇಕಾ ಬೇಡವಾ ಗೊತ್ತಾಗಲಿಲ್ಲ.

ಜೂನ್ 19, ಬುಧವಾರ

ಇವತ್ತು ಅತ್ತೆ ಇಬ್ಬರನ್ನೂ ಕೂರಿಸಿ ಹೇಳಿದರು. ಬ್ಯಾಂಕಿನ ಮುಂದೆ ನನಗೇನೂ ಬೇಡ. ದುಡ್ಡು ಕೊಟ್ಟೆ, ಕೊಟ್ಟಾಯ್ತು, ಪಾಲೂ ಬೇಡ. ಬ್ಯಾಂಕಿನವರು ಮನೆ ಹಿಡಿದರೆ ನಿಮ್ಮ ಜೊತೆ ನಾನೂ ಬೀದಿಗೆ ಬರ್ತೀನಿ. ಆದರೆ ನಿಮ್ಮಿಬ್ಬರ ಮುಂದೆ ನನಗೊಂದು ಕಾಗದ ಬೇಕು. ಇರೋ ತನಕ ಮುಂದಿನ ಕೋಣೆ ನನ್ನದು, ನಾನು ಒಪ್ಪದೆ ಮನೆ ಮಾರೋ ಹಾಗಿಲ್ಲ ಅಂತ. ಬ್ಯಾಂಕಿನ ಹಕ್ಕು ಮೊದಲು, ಅದರ ನಂತರ ಇದು ಅಂತ ಬರೆಸಬಹುದಂತೆ, ನೆಗಡಿ ವಕೀಲರು ಹೇಳಿದ್ದಾರೆ. ಬ್ಯಾಂಕು ಹೂಂ ಅನ್ನಬೇಕು.

ಇವರ ಮುಖ ಕೆಂಪಗಾಯ್ತು. ನನ್ನ ಹತ್ತಿರ ಪತ್ರ ಕೇಳ್ತೀಯಾ ಅಮ್ಮ, ನಾನು ನಿನ್ನ ಹೊರಗೆ ಹಾಕ್ತೀನಾ ಅಂದರು.

“ನಿನ್ನ ಹತ್ರ ಅಲ್ಲ ಮಗಾ. ಮುಂದೊಂದು ದಿನ ನಿನಗೂ ನೂರೆಂಟು ತೊಂದರೆ ಬಂದು ತಲೆ ಕೆಟ್ಟಿರುತ್ತಲ್ಲ, ಆ ಮನುಷ್ಯನ ಹತ್ರ. ಅವನ ಪರಿಚಯ ನಿನಗೂ ಇಲ್ಲ, ನನಗೂ ಇಲ್ಲ.”

ಇವರು ಎದ್ದು ಹೋಗಿ ಚಪ್ಪಲಿ ಹಾಕಿಕೊಂಡರು. ಅತ್ತೆ ಹಿಂದಿಂದ ಅಂದರು, ಹಗ್ಗ ಗಟ್ಟಿ ಇದ್ರೂ ಲಿಫ್ಟಿಗೆ ಬ್ರೇಕ್ ಹಾಕ್ತೀಯಲ್ಲ, ಅದು ಹಗ್ಗಕ್ಕೆ ಮಾಡೋ ಅವಮಾನನಾ?

ಬಾಗಿಲು ಬಡಿದ ಸದ್ದಿಗೆ ಮೇಡಂ ಎದ್ದರು.

ಜೂನ್ 20, ಗುರುವಾರ

ಲಾಯರಮ್ಮನಿಗೆ ಹೇಳಿದೆ. ಅರ್ಧ ಪುಟದಲ್ಲಿ ಬರೆದುಕೊಟ್ಟರು. ಬ್ಯಾಂಕಿಗೆ ಕಳಿಸಿದ್ದಾರೆ. ಒಪ್ಪಬಹುದು, ಒಪ್ಪದೇನೂ ಇರಬಹುದು, ಎಷ್ಟು ದಿನ ಅಂತ ಹೇಳೋಕಾಗಲ್ಲ ಅಂದರು. ಇನ್ನು ಎಂಟು ದಿನ.

ಜೂನ್ 24, ಸೋಮವಾರ

ಉತ್ತರ ಇಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಹಾಡು ಹಾಕಿ ಬಿಡ್ತಾರೆ. ಮೇಡಂಗೆ ಆ ಹಾಡು ಇಷ್ಟ ಆಗಿಬಿಟ್ಟಿದೆ, ನಿಂತರೆ ಅಳ್ತಾಳೆ.

ಡ್ರೈವಿಂಗ್ ಮಾಸ್ತರು ಬಂದಿದ್ದರು. ಕೂರಲಿಲ್ಲ. ಇನ್ನೊಂದು ಪಾರ್ಟಿ ಕೇಳ್ತಿದೆಯಂತೆ, ಸಾಲದ ರಗಳೆ ಇಲ್ಲದವರು. 28 ದಾಟಿದರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ, ಎಷ್ಟು ದಿನ ಕ್ಲಚ್ ಒತ್ತಿ ಹಿಡಿಯೋದು, ಕಾಲು ನೋಯುತ್ತೆ ಅಂದರು.

ಗೋಡೆ ಪಕ್ಕ ಡಬ್ಬಗಳು. ಅರ್ಧ ಕಟ್ಟಿದ್ದೀವಿ. ಪೂರ್ತಿ ಕಟ್ಟೋಕೆ ಭಯ.

ಜೂನ್ 25, ಮಂಗಳವಾರ. ಸಂಜೆ

ಇವರ ಜೊತೆ ಜಗಳ. ಪಿಸುಮಾತಲ್ಲಿ. ಮಗು ಹುಟ್ಟಿದ ಮೇಲೆ ಎಲ್ಲ ಜಗಳವೂ ಪಿಸುಮಾತಲ್ಲೇ.

ಇವರದೊಂದೇ ಮಾತು. ಅಮ್ಮ ಮೊದಲಿನ ಕಾಗದಕ್ಕೆ ವಕೀಲರ ಮುಂದೆ ಸಹಿ ಹಾಕಿಬಿಡಲಿ. ನಮ್ಮ ಪತ್ರ ಆಮೇಲೆ ನಿಧಾನಕ್ಕೆ ಮಾಡಿಕೊಂಡರಾಯ್ತು. ನೀನು ಹೇಳಿದರೆ ಅಮ್ಮ ಮಾಡ್ತಾರೆ.

ಗೊತ್ತು. ನಾನು ಅತ್ತು, ಮಗು ತೋರಿಸಿ, 30ಕ್ಕೆ ಎಲ್ಲಿಗೆ ಹೋಗೋದು ಅತ್ತೆ ಅಂದರೆ ಅವರು ಮಾಡ್ತಾರೆ. ಅದು ಗೊತ್ತಿರೋದರಿಂದಲೇ ಕಷ್ಟ.

ಆ ಮನೆ ನನಗೆ ಎಷ್ಟು ಬೇಕು ಅಂತ ಬರೆಯೋಕೆ ಬರಲ್ಲ. ಬೆಳಿಗ್ಗೆ ಬಿಸಿಲು ಬೀಳೋ ಮೆಟ್ಟಿಲು. ಯಾರೂ ಟೇಪ್ ಹಿಡಿದು ಒಳಗೆ ಬರೋ ಹಾಗಿಲ್ಲದ ಬಾಗಿಲು. ಮೇಡಂ ಮೊದಲ ಹೆಜ್ಜೆ ಇಡೋದು ಅಲ್ಲಿ ಅಂತ ಅಂದುಕೊಂಡಾಗಿತ್ತು.

ಹೇಳಿಬಿಟ್ಟೆ. “ಎರಡೂ ಕಾಗದ ಒಂದೇ ದಿನ. ಇಲ್ಲಾಂದ್ರೆ ಕ್ರಯಪತ್ರಕ್ಕೆ ನನ್ನ ಸಹಿ ಇಲ್ಲ. ಇನ್ನೊಂದು ಬಾಡಿಗೆ ಮನೆ ನೋಡೋಣ.”

ಇವರು ನನ್ನನ್ನ ಗುರುತು ಸಿಗದವರ ಹಾಗೆ ನೋಡಿದರು. ಸಾಲದಲ್ಲಿ ಇಬ್ಬರ ಹೆಸರೂ ಇದೆ. ನಾನಿಲ್ಲದೆ ಆಗಲ್ಲ. ಲಾಯರಮ್ಮನ ಆ ಪ್ರಶ್ನೆಗಳ ಪಟ್ಟಿಯಿಂದ ನನಗೆ ಸಿಕ್ಕಿದ್ದು ಇದೊಂದೇ ಬಲ.

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ, ಕೈಯಲ್ಲಿ ಒಗೆದ ಲಂಗೋಟಿಗಳು. ಎಷ್ಟು ಕೇಳಿಸಿತೋ. ಮಡಚಿ ಇಟ್ಟು ಹೋದರು.

ಜೂನ್ 27, ಗುರುವಾರ

ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಲಾಯರಮ್ಮ. ಬ್ಯಾಂಕು ಒಂದೇ ಸಾಲು ಕಳಿಸಿದೆ — ನಮ್ಮ ಹಕ್ಕಿನ ನಂತರ ಅಂತಿದ್ದರೆ ಅಭ್ಯಂತರ ಇಲ್ಲ.

ಒಂದು ಸಾಲಿಗೆ ಏಳು ದಿನ.

ಮೂರು ಗಂಟೆಗೆ ಅತ್ತೆ ನೆಗಡಿ ವಕೀಲರ ಹತ್ತಿರ ಒಬ್ಬರೇ ಹೋಗಿ ಬ್ಯಾಂಕಿನ ಕಾಗದಕ್ಕೆ ಸಹಿ ಮಾಡಿ ಬಂದರು. ಮೊಹರು ಬಿದ್ದಿದೆ. ಐದಕ್ಕೆ ಲಾಯರಮ್ಮನ ಆಫೀಸಲ್ಲಿ ನಮ್ಮ ಪತ್ರ. ನಾನು ಮೊದಲು ಸಹಿ ಮಾಡಿದೆ. ಇವರು ಪೆನ್ನು ಹಿಡಿದು ನೇರ ಸಹಿಯ ಜಾಗಕ್ಕೆ ಹೋದರು. ಓದಿ ಮಾಡಪ್ಪ, ನೋಡದೆ ಮಾಡಬೇಡ ಅಂದರು ಅತ್ತೆ. ಇವರು ಓದಿದರು. ಎಷ್ಟೋ ದಿನದ ಮೇಲೆ ಅಮ್ಮನ ಕಡೆ ನೋಡಿ ನಕ್ಕರು, ಪೂರ್ತಿ ಅಲ್ಲ, ಒಂದು ಬದಿ. ಬ್ರೇಕ್ ಬಿತ್ತು ಅಂದರು.

ಜೂನ್ 28, ಶುಕ್ರವಾರ

ನೋಂದಣಿ ಕಚೇರಿ. ನಾಲ್ಕು ಗಂಟೆ ಬೆಂಚು. ಹೆಬ್ಬೆರಳು, ಫೋಟೋ, ಸಹಿ, ಸಹಿ. ಒಂದೊಂದು ಹಾಳೆಯನ್ನೂ ತಿರುವಿ ನೋಡಿದೆ. ಗುಮಾಸ್ತರು ಬೇಸತ್ತು, ಹಿಂದೆ ಏನೂ ಇಲ್ಲಮ್ಮ ಅಂದರು. ಇರಲಿ ಅಂದೆ.

ಬೀಗದ ಕೈ ಸಿಕ್ಕಿತು. ಎರಡು. ಮಾಸ್ತರು ಕೊಡೋವಾಗ, ಹಿಂಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು ಅಂದರು. ಈ ಪ್ರಶ್ನೆ ಪಟ್ಟಿಯಲ್ಲಿ ಇರಲಿಲ್ಲ.

ಜೂನ್ 30, ಭಾನುವಾರ. ಮಧ್ಯಾಹ್ನ 2.40. ಹೊಸ ಮನೆ

ಡಬ್ಬಗಳ ನಡುವೆ ಹಾಸಿಗೆ. ಮೈಯೆಲ್ಲ ನೋವು. ಇವರು ಹಳೇ ಮನೆಯ ಬೀಗದ ಕೈ ಕೊಡೋಕೆ ಹೋಗಿದ್ದಾರೆ.

ಮೊದಲು ಇಳಿಸಿದ್ದು ಮಷೀನ್. ಮುಂದಿನ ಕೋಣೆ, ಕಿಟಕಿ ಪಕ್ಕ. ಊಟ ಆದ ಮೇಲೆ ಅತ್ತೆ ಕರೆದರು. ಹೋದರೆ, ಆ ಅರ್ಧ ಪುಟದ ಪತ್ರ ಮಷೀನಿನ ಮೇಲಿತ್ತು. ಕನ್ನಡಕ ಮೂಗಿನ ಮೇಲಿತ್ತು. ತೆಗೆದರು, ಮಡಚಿದರು, ಕಿಟಕಿಯ ಮೇಲೆ ಇಟ್ಟರು. ಕಾಗದವನ್ನ ನನ್ನ ಕೈಗೆ ಕೊಟ್ಟರು.

“ನೀನು ಓದು. ನಾನು ಕೇಳ್ತೀನಿ.”

ನೀವು ಮೊನ್ನೆ ಓದಿದ್ದೀರಲ್ಲ ಅತ್ತೆ ಅಂದೆ. ಓದೇ ಅಂದರು.

ನಿಂತುಕೊಂಡೇ ಓದಿದೆ. ಮುಂದಿನ ಕೋಣೆ ಅನ್ನೋ ಸಾಲನ್ನು ಎರಡು ಸಲ ಓದಿದೆ. ಅವರು ಬರಿಗಣ್ಣಲ್ಲಿ ಕಿಟಕಿಯಾಚೆ ನೋಡ್ತಾ ಕೂತಿದ್ದರು. ಮುಗಿದ ಮೇಲೆ ತಿರುವಿದೆ. ಹಿಂಬದಿ ಖಾಲಿ ಇದೆ ಅತ್ತೆ ಅಂದೆ. ಖಾಲಿ ಅಂತ ನೀನು ಹೇಳ್ತಿದ್ದೀಯಲ್ಲ, ಸಾಕು ಅಂದರು.

ಆಮೇಲೆ — ಹೋಗಿ ಬಿದ್ಕೋ, ಮೇಡಂನ ನಾನು ನೋಡ್ಕೋತೀನಿ, ಐದರ ತನಕ ಕರೆಯಲ್ಲ.

ಬಂದು ಬಿದ್ದುಕೊಂಡಿದ್ದೀನಿ. ನಿದ್ದೆ ಬರೋ ಹಾಗಿದೆ, ನಂಬಿಕೆ ಬರ್ತಿಲ್ಲ. ಬರೀತಿದ್ದೀನಿ ಅಷ್ಟೆ. ಮಷೀನ್ ಓಡ್ತಿದೆ, ನಿಲ್ತಿದೆ, ಓಡ್ತಿದೆ. ಮೇಡಂ ಏನೋ ಉರುಳಿಸಿದಳು, ಉಂಡೆ. ಈ ಕಿಟಕಿಗೆ ಇನ್ನೂ ಪರದೆ ಇಲ್ಲ, ಬಿಸಿಲು ನೇರ ಕಣ್ಣಿಗೇ. ಅತ್ತೆ ಹೊಲೀತಿರೋದು ಪರದೆಯನ್ನೇ ಇರಬೇ…